ಪರದೇಶದ ಕೋಟು, ಕಾಶ್ಯಪ ಗೋತ್ರ

ಕೆಲವರಿಗೆ ಎಡವಿದಲ್ಲೆಲ್ಲ ನಿಧಿ ಸಿಗುತ್ತದಂತೆ. ನನಗೆ ಎಡವಿದಲ್ಲೆಲ್ಲ ಗೊಂದಲ ಸಿಕ್ಕಿದೆ. ನಾನು ಹುಡುಕಿಕೊಂಡು ಹೋಗುವುದಿಲ್ಲ, ಅದೇ ನನ್ನ ವಿಳಾಸ ಕೇಳಿಕೊಂಡು ಬರುತ್ತದೆ. ಅದರಲ್ಲೂ ಎಂಬತ್ತರ ದಶಕದ ಆರಂಭದಲ್ಲಿ, ಬೆಟಗೇರಿಯ ಕೋಟು ಹೊಲಿಯುವ ಶೆಡ್ಡಿನಲ್ಲಿ ಹಾಜರಿ ಗುಮಾಸ್ತನಾಗಿದ್ದ ದಿನಗಳಲ್ಲಿ ಅದು ದಿನಾ ಬೆಳಿಗ್ಗೆ ನನಗಿಂತ ಮೊದಲು ಬಂದು ನನ್ನ ಕುರ್ಚಿಯಲ್ಲಿ ಕೂತಿರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ಆಗ ಬಂದದ್ದು ಬೆವರು.

೧. ಮಾಲಕನ ಗೋತ್ರ

ಬಿ.ಕಾಂ. ಮುಗಿಸಿ, ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಬ್ಯಾಂಕಿನ ಕರೆ ಬರುತ್ತದೆಂದು ಮೂರು ವರ್ಷ ಕಾದೆ. ಬ್ಯಾಂಕು ನನ್ನನ್ನು ಮರೆತಿತ್ತು. ಅಷ್ಟರಲ್ಲಿ ಬೆಟಗೇರಿಯ ಹಳೇ ಅರಳೆ ಗೋದಾಮಿಗೆ ಸುಣ್ಣ ಬಳಿದು, ಮುಂಬೈಯಿಂದ ಲಾರಿಯಲ್ಲಿ ಹೊಲಿಗೆ ಮಷಿನ್ ತಂದಿಳಿಸಿದರು. ಪರದೇಶಕ್ಕೆ ಹೋಗುವ ಚಳಿಕೋಟು ಹೊಲಿಯುವ ಕೆಲಸ. ಮೂವತ್ತೊಂಬತ್ತು ಹೆಣ್ಣುಮಕ್ಕಳು, ಮುಂಬೈಯಿಂದ ಬಂದ ಒಬ್ಬ ಸೂಪರ್ವೈಜರ್, ಹಾಜರಿ ಬರೆಯಲು ನಾನು.

ಭಾನುವಾರ ಲಕ್ಷ್ಮೇಶ್ವರಕ್ಕೆ ಹೋಗಿ ಅಪ್ಪನಿಗೆ ಸುದ್ದಿ ಹೇಳಿದೆ. ನಮ್ಮದು ತಲೆಮಾರುಗಳಿಂದ ಗುಡಿಯ ಪೂಜೆ ಮಾಡುವ ಮನೆತನ. ಅಪ್ಪ ಗಂಧ ತೇಯುತ್ತಲೇ ವಿಚಾರಣೆ ಶುರು ಮಾಡಿದರು.

"ಯಾರ ಕಂಪನಿ?"

"ಪರದೇಶದ್ದು."

"ಯಾವ ದೇಶ?"

"ಗೊತ್ತಿಲ್ಲ."

"ಮಾಲಕನ ಹೆಸರು?"

"ಅದೂ ಗೊತ್ತಿಲ್ಲ."

ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ನಾನು ತಿಳಿದಷ್ಟು ಬಿಡಿಸಿ ಹೇಳಿದೆ. ಶೆಡ್ಡು ಹುಬ್ಬಳ್ಳಿಯ ಗುತ್ತಿಗೆದಾರನದು. ಅವನಿಗೆ ಕೆಲಸ ಕೊಡುವುದು ಮುಂಬೈಯ ರಫ್ತು ವಲಯದ ಒಂದು ಕಾರ್ಖಾನೆ. ರಫ್ತು ವಲಯ ಅಂದರೆ ಸುತ್ತ ಗೋಡೆ, ಬಾಗಿಲಲ್ಲಿ ಕಾವಲು, ಒಳಗೆ ತಯಾರಾದದ್ದೆಲ್ಲ ಹಡಗು ಹತ್ತಬೇಕು. ಆ ಕಾರ್ಖಾನೆಗೆ ಕೆಲಸ ಕೊಡುವುದು ಇನ್ನೊಂದು ದೇಶದ ದಲಾಲಿ ಕಂಪನಿ. ಅದಕ್ಕೆ ಕೊಡುವುದು ಹತ್ತು ದೇಶಗಳಲ್ಲಿ ಅಂಗಡಿ ಇರುವ ದೊಡ್ಡ ಕಂಪನಿ. ಅದರ ಮಾಲಕರು ಯಾರೆಂದು ನಮ್ಮ ಸೂಪರ್ವೈಜರನಿಗೂ ಗೊತ್ತಿರಲಿಲ್ಲ.

ಅಪ್ಪ ಗಂಧದ ಕೊರಡು ಕೆಳಗಿಟ್ಟರು. "ಇರಲಿ. ಅನ್ನ ಕೊಡಾಂವ ಅಂದಮ್ಯಾಲೆ ಅವನ ಹೆಸರಿಲೆ ಒಂದು ಅರ್ಚನಾ ಆಗಬೇಕು. ಹೆಸರು ಹೋಗಲಿ, ಗೋತ್ರರೆ ಹೇಳು."

"ಅಪ್ಪಾ, ಅವರಿಗೆಲ್ಲಿ ಗೋತ್ರ?"

"ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ಶಾಸ್ತ್ರದಾಗ ಎಲ್ಲಾದಕ್ಕೂ ವ್ಯವಸ್ಥಾ ಅದ" ಎಂದವರೇ ಎದ್ದು, ಹೂ ಹಿಡಿದು, ಕಾಶ್ಯಪ ಗೋತ್ರದಲ್ಲಿ ಹುಟ್ಟಿದ ಪರದೇಶದ ಕಂಪನಿಗೆ ಆಯುರಾರೋಗ್ಯ ಬೇಡಿದರು. ಹತ್ತು ದೇಶಗಳಲ್ಲಿ ಅಂಗಡಿಯಿದ್ದ ಕಂಪನಿಗೆ ಗೋತ್ರ ಅಂತ ಸಿಕ್ಕಿದ್ದು ಮಾತ್ರ ಲಕ್ಷ್ಮೇಶ್ವರದಲ್ಲಿ.

೨. ಎಡದ ತೋಳು

ಶೆಡ್ಡಿನಲ್ಲಿ ಯಾರೂ ಇಡೀ ಕೋಟು ಹೊಲಿಯುತ್ತಿರಲಿಲ್ಲ. ಒಬ್ಬಾಕೆಗೆ ಕಾಲರು, ಒಬ್ಬಾಕೆಗೆ ಕಿಸೆ, ಒಬ್ಬಾಕೆಗೆ ಗುಂಡಿ. ತನ್ನ ತುಂಡು ಹೊಲಿದು ಮುಂದಿನ ಮಷಿನ್ನಿಗೆ ದಾಟಿಸಬೇಕು. ತಲೆ ಎತ್ತಬಾರದು. ಕೋಟು ಮುಗಿದದ್ದನ್ನು ನೋಡುವುದು ಪೆಟ್ಟಿಗೆ ಕಟ್ಟುವವರು ಮಾತ್ರ.

ಅಂತೂರ ಬೆಂತೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ರೈತರ ಮನೆಯ ಸೊಸೆಯೊಬ್ಬಳಿಗೆ ಎಡದ ತೋಳು ಬಂದಿತ್ತು. ಆರು ತಿಂಗಳು ಅವಳು ಎಡದ ತೋಳನ್ನೇ ಹೊಲಿದಳು. ಊರಲ್ಲಿ ಮಾತ್ರ "ನಮ್ಮ ಸೊಸಿ ಪರದೇಶದವರಿಗೆ ಹೊಲೀತಾಳ" ಎಂದು ಅತ್ತೆಯ ಡಂಗುರ. ಅವಳ ಮೈದುನನ ನಿಶ್ಚಯ ಕೂಡಿತು. ಅತ್ತೆ ಬಟ್ಟೆ ತಂದು ಮುಂದಿಟ್ಟು, "ಗದಗಿನ ಟೇಲರ್ ಯಾಕ ಬೇಕು? ನೀನ ಒಂದ ಅಂಗಿ ಹೊಲಿ" ಅಂದಳು.

ಮರುದಿನ ಬಟ್ಟೆಯ ಗಂಟು ಹಿಡಿದು ಅವಳು ನನ್ನ ಮೇಜಿನ ಮುಂದೆ ಅಳುತ್ತ ನಿಂತಳು. "ಹಾಜರಿ ಮಾಸ್ತರ್ರ, ನನಗ ಎಡದ ತೋಳ ಅಷ್ಟ ಬರತೈತ್ರಿ. ಬಲದ್ದೂ ಬರಂಗಿಲ್ಲ."

ಸೂಪರ್ವೈಜರ್ ಊಟಕ್ಕೆ ಹೋದ ವೇಳೆ ಹೊಂಚಿ ಎಲ್ಲರೂ ಸೇರಿದರು. ಮುಳಗುಂದದವಳು ಕಾಲರು ಮಾಡಿದಳು, ಬೆಟಗೇರಿಯವಳು ಬೆನ್ನು ಕೂಡಿಸಿದಳು, ಬಲದ ತೋಳಿನವಳು ಬಲದ ತೋಳು ಹಚ್ಚಿದಳು. ಅಂಗಿ ನೋಡಿದರೆ ಪೇಟೆಯದೇ. ನಿಶ್ಚಯದ ದಿನ ಮೈದುನ ಅದನ್ನು ತೊಟ್ಟು, ಬೀಗರು ಕೊಟ್ಟ ಅಡಿಕೆ ಎಲೆಯನ್ನು ಎದೆಯ ಕಿಸೆಗೆ ಇಡಲು ಹೋದ. ಕಿಸೆ ಇಲ್ಲ. ಎರಡು ಸಲ ಎದೆ ಸವರಿಕೊಂಡ. ಮೂರನೆಯ ಸಲ ಬೀಗರೇ ಗಾಬರಿಯಾಗಿ, "ಯಾಕಪ್ಪಾ, ಎದಿ ನೋಯತೈತೇನು?" ಎಂದರು. ಒಳಗಿನಿಂದ ಅತ್ತಿಗೆ ಕೂಗಿ ಹೇಳಿದಳಂತೆ: "ಎದಿಗೆ ಏನೂ ಆಗಿಲ್ರಿ. ಕಿಸೆ ಹೊಲಿಯಾಕಿ ಬಾಣಂತನಕ್ಕ ಹೋಗ್ಯಾಳ!"

೩. ಮುಖಂಡ

ಕಂಪನಿಯ ರಜೆಯ ಪಟ್ಟಿ ಎಲ್ಲಿಂದಲೋ ಬರುತ್ತಿತ್ತು. ನಾವು ಯಾವತ್ತೂ ಕೇಳಿರದ ಹಬ್ಬಗಳಿಗೆ ಶೆಡ್ಡಿಗೆ ಬೀಗ. ಪಂಚಮಿಗೆ ಮಾತ್ರ ರಜೆ ಇಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಂಚಮಿ ಅಂದರೆ ಏನೆಂದು ಯಾರಿಗೆ ಹೇಳಬೇಕು? ತವರಿನಿಂದ ಅಣ್ಣ ಕರೆಯಲು ಬರಬೇಕು, ಹುತ್ತಕ್ಕೆ ಹಾಲೆರೆಯಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಇಂದ್ರ ಚಂದ್ರ ಬಂದರೂ ತಡೆಯಲಾರರು, ಹುಬ್ಬಳ್ಳಿಯ ಗುತ್ತಿಗೆದಾರನ ಪಾಡೇನು!

ಪಂಚಮಿಯ ಮುಂಚಿನ ದಿನ ಮೂವತ್ತೊಂಬತ್ತು ಮಷಿನ್ನುಗಳೂ ಸುಮ್ಮನಾದವು. ಸೂಪರ್ವೈಜರ್ ಯಾವುದೋ ಕೆಲಸಕ್ಕೆ ಮುಂಬೈಗೆ ಹೋಗಿದ್ದ. ಶೆಡ್ಡಿನಲ್ಲಿ ಉಳಿದವನು ನಾನೊಬ್ಬನೇ. ಮುಂಬೈಯಿಂದ ತಂತಿ ಬಂತು: ಕೆಲಸ ನಿಂತ ಕಾರಣ ತಿಳಿಸಿ.

ಸತ್ಯವನ್ನೇ ಬರೆದೆ: ಎಲ್ಲರೂ ಜೋಕಾಲಿ ಆಡಲು ತವರಿಗೆ ಹೋಗಿದ್ದಾರೆ.

ಸಂಜೆಗೆ ಇನ್ನೊಂದು ತಂತಿ: ಮುಷ್ಕರದ ಮುಖಂಡನ ಹೆಸರು ಕೂಡಲೇ ಕಳಿಸಿ.

ಬಸ್ ಸ್ಟ್ಯಾಂಡಿಗೆ ಓಡಿದೆ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯವಳು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಬೆಟಗೇರಿಯ ನೇಕಾರರ ಹೆಂಡತಿ, ಮುಂಡರಗಿಯ ತವರಿಗೆ ಹೋಗಲು ಬಸ್ಸು ಹತ್ತುತ್ತಿದ್ದಳು. ಗಂಡನ ಮಗ್ಗ ನಿಂತು ಎರಡು ವರ್ಷವಾಗಿತ್ತು. ಮ್ಯಾಟ್ರಿಕ್ ಓದುವ ಮಗಳನ್ನು ಶಾಲೆ ಬಿಡಿಸುವುದಿಲ್ಲ ಎಂದು ಹಟ ಹಿಡಿದು ಈ ಕೆಲಸಕ್ಕೆ ಬಂದಾಕೆ. ನಾಲಿಗೆ ಮಾತ್ರ ಕತ್ತರಿ.

"ಅಕ್ಕಾ, ಮುಖಂಡನ ಹೆಸರು ಕೇಳ್ಯಾರ. ಯಾರ ಹೆಸರು ಬರೀಲಿ?"

"ಯಾರ ಸಲುವಾಗಿ ಹೊಂಟೀವಿ ನಾವು? ನಾಗಪ್ಪನ ಸಲುವಾಗಿ. ಅವನ ಹೆಸರ ಬರಿ ತಮ್ಮಾ. ಧೈರ್ಯ ಇದ್ರ ಅವನ್ನ ಮುಟ್ಟಿ ನೋಡ್ಲಿ" ಎಂದು ಕಿಟಕಿ ಪಕ್ಕ ಕೂತುಬಿಟ್ಟಳು. ಬಸ್ಸು ಹೋಯಿತು. ನನಗೆ ಬೇರೆ ಹೆಸರು ಹೊಳೆಯಲಿಲ್ಲ, ಹೊಳೆದಿದ್ದರೂ ಬರೆಯಲು ಮನಸ್ಸಿರಲಿಲ್ಲ. ನಾಗಪ್ಪ ಎಂದೇ ತಂತಿ ಕೊಟ್ಟೆ.

ಮೂರನೆಯ ತಂತಿ ಬಂತು: ನಾಗಪ್ಪನನ್ನು ಕೆಲಸದಿಂದ ತೆಗೆದಿದೆ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಆ ಪುಟದ ನಕಲು ಕಳಿಸಿ.

ಹೆಸರೇ ಇಲ್ಲದ್ದನ್ನು ಹೊಡೆಯುವುದು ಹೇಗೆ? ಇಡೀ ದಿನ ತಲೆ ಕೆರೆದುಕೊಂಡೆ. ಕೊನೆಗೆ ನಲವತ್ತನೆಯ ನಂಬರಿನಲ್ಲಿ ನಾಗಪ್ಪ ಎಂದು ದುಂಡಗೆ ಬರೆದೆ. ತಂದೆಯ ಹೆಸರಿನ ಕಾಲಮ್ಮು ಖಾಲಿ ಬಿಟ್ಟೆ. ಶಾಯಿ ಆರಿದ ಮೇಲೆ ಕೈಮುಗಿದು, ಕೆಂಪು ಗೆರೆ ಎಳೆದೆ. ದೇವರನ್ನು ನೌಕರಿಗೆ ಸೇರಿಸಿಕೊಂಡು ಅರ್ಧ ಗಂಟೆಯಲ್ಲಿ ತೆಗೆದುಹಾಕಿದ ಗುಮಾಸ್ತ ಇಡೀ ಧಾರವಾಡ ಜಿಲ್ಲೆಗೆ ನಾನೊಬ್ಬನೇ ಇದ್ದಿರಬೇಕು.

೪. ಎರಡು ಬಾಗಿಲು

ಸಂಕ್ರಾಂತಿ ಆದಮೇಲೆ ದೊಡ್ಡ ಕಂಪನಿಯ ಸಾಹೇಬನೊಬ್ಬ ಶೆಡ್ಡು ನೋಡಲು ಬಂದ. ಬೆಳ್ಳಗೆ, ಎತ್ತರಕ್ಕೆ, ಕೈಯಲ್ಲಿ ಒಂದು ಹಲಗೆ, ಅದಕ್ಕೆ ಸಿಕ್ಕಿಸಿದ ಕಾಗದ. ಅವನು ಒಪ್ಪಿದರೆ ಕೆಲಸ ಬೆಟಗೇರಿಯಲ್ಲಿ ಕಾಯಂ, ಒಪ್ಪದಿದ್ದರೆ ಬೇರೆ ದೇಶಕ್ಕೆ ಎಂದು ಸೂಪರ್ವೈಜರ್ ಮೊದಲೇ ಹೆದರಿಸಿದ್ದ. ದೊಡ್ಡಕ್ಕ ಅವತ್ತು ಬೆಳಿಗ್ಗೆ ನನಗೆ ಮೆಲ್ಲಗೆ ಹೇಳಿದಳು: "ಈ ಶೆಡ್ ಮುಚ್ಚಿದ್ರ ನನ್ನ ಮಗಳ ಸಾಲಿ ಮುಚ್ಚತೈತಿ ತಮ್ಮಾ. ನಿನ್ನ ಪುಸ್ತಕ ಹುಷಾರಾಗಿ ಹಿಡಕೋ." ಅವಳು ಹಾಗೆ ದನಿ ಇಳಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪುಸ್ತಕ ಕಂಕುಳಲ್ಲಿ ಅವುಚಿಕೊಂಡೆ.

ಬೆಂಕಿ ಬಿದ್ದರೆ ಜನ ಎಷ್ಟು ಬೇಗ ಹೊರಗೆ ಬರುತ್ತಾರೆಂದು ಸಾಹೇಬನಿಗೆ ನೋಡಬೇಕಿತ್ತು. ಶೆಡ್ಡಿಗೆ ಹಿಂದೊಂದು ಬಾಗಿಲು ಇತ್ತು. ಗಂಟೆ ಹೊಡೆದೊಡನೆ ಎಲ್ಲರೂ ಹಿಂದಿನ ಬಾಗಿಲಿನಿಂದ ಹೊರಬೀಳಬೇಕು, ಅವನು ನಿಂತು ಎಣಿಸುತ್ತಾನೆ.

ಗಂಟೆ ಹೊಡೆದೆ. ಹೆಣ್ಣುಮಕ್ಕಳು ಸೆರಗು ಕಟ್ಟಿ ಓಡಿದರು. ಆದರೆ ಮಷಿನ್ನು ಲಕ್ಷ್ಮಿ, ಅದರ ಹತ್ತಿರ ಚಪ್ಪಲಿ ತರಬಾರದೆಂದು ಎಲ್ಲರೂ ಚಪ್ಪಲಿ ಬಿಡುತ್ತಿದ್ದದ್ದು ಮುಂದಿನ ಬಾಗಿಲ ಒಳಗೆ. ಹಿಂದೆ ಹೊರಬಿದ್ದವರು ಶೆಡ್ಡು ಸುತ್ತು ಹಾಕಿ, ಮುಂದಿನ ಬಾಗಿಲಿನಿಂದ ಒಳಗೆ ಬಂದು ಚಪ್ಪಲಿ ಹಾಕಿಕೊಂಡರು. ಆಗ ಬುತ್ತಿಯ ನೆನಪಾಯಿತು. ಬುತ್ತಿ ಎತ್ತಿಕೊಂಡು ಮತ್ತೆ ಹಿಂದಿನ ಬಾಗಿಲಿನಿಂದ ಹೊರಬಿದ್ದರು. ಸಾಹೇಬ ಎಣಿಸುತ್ತಲೇ ಇದ್ದ. ನಲವತ್ತು ದಾಟಿತು, ಅರವತ್ತು ದಾಟಿತು. ಎಪ್ಪತ್ತೆಂಟಕ್ಕೆ ನಿಂತಿತು.

ಅವನು ನನ್ನ ಪುಸ್ತಕ ಕಸಿದುಕೊಂಡ. ಮೂವತ್ತೊಂಬತ್ತು ಹೆಸರು. ಅವನ ಮುಖ ಕೆಂಪಾಯಿತು. ಉಳಿದ ಮೂವತ್ತೊಂಬತ್ತು ಜನರನ್ನು ಲೆಕ್ಕಕ್ಕೆ ಸೇರಿಸದೆ ಕದ್ದುಮುಚ್ಚಿ ದುಡಿಸುತ್ತಿದ್ದೀರಾ ಎಂಬ ಪ್ರಶ್ನೆ. ಅವನು ಇಂಗ್ಲಿಷಿನಲ್ಲಿ ಕೇಳುವುದು, ಸೂಪರ್ವೈಜರ್ ಹಿಂದಿಗೆ ತಿರುಗಿಸುವುದು, ನಾನು ಗಾಬರಿಯಲ್ಲಿ ಕನ್ನಡದಲ್ಲಿ ತೊದಲುವುದು. ಚಪ್ಪಲಿ, ಬುತ್ತಿ ಎಂದು ನಾನು ಕೈ ತಿರುಗಿಸಿ ತೋರಿಸುವಷ್ಟರಲ್ಲಿ ಅವನ ಬೆರಳು ಕೆಂಪು ಗೆರೆಯ ಮೇಲೆ ನಿಂತಿತ್ತು.

"ಈ ನಾಗಪ್ಪ ಯಾರು?"

"ಕೆಲಸದಿಂದ ತೆಗೆದಿದ್ದೇವೆ" ಎಂದ ಸೂಪರ್ವೈಜರ್, ನಾಗಪ್ಪನ ಮುಖವನ್ನೇ ನೋಡಿರದಿದ್ದರೂ ಹೆಮ್ಮೆಯಿಂದ.

"ಈಗ ಎಲ್ಲಿದ್ದಾನೆ?"

ಸೂಪರ್ವೈಜರ್ ನನ್ನತ್ತ ನೋಡಿದ. ನಾನು ದೊಡ್ಡಕ್ಕನತ್ತ ನೋಡಿದೆ. ಅವಳು ಶಾಂತವಾಗಿ ಹೇಳಿದಳು: "ಹುತ್ತದಾಗ."

ಸೂಪರ್ವೈಜರನಿಗೆ ಹುತ್ತ ತಿಳಿಯಲಿಲ್ಲ. ನೆಲದ ಒಳಗೆ ಎಂದು ನಾನು ಬೆರಳು ಕೆಳಗೆ ಮಾಡಿ ತೋರಿಸಿದೆ. ಅವನು ಬಿಳಿಚಿಕೊಂಡು ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ಸಾಹೇಬ ಟೋಪಿ ತೆಗೆದು ಎರಡು ನಿಮಿಷ ತಲೆ ಬಗ್ಗಿಸಿ ನಿಂತುಬಿಟ್ಟ. ನಮಗೆ ಏನೂ ತಿಳಿಯಲಿಲ್ಲ. ಸಾಹೇಬನೇ ತಲೆ ಬಗ್ಗಿಸಿದ ಮೇಲೆ ನಾವು ಎತ್ತಿಕೊಂಡಿರುವುದು ಹೇಗೆಂದು ನಾವೂ ತಲೆ ಬಗ್ಗಿಸಿದೆವು.

೫. ಉಡಿ

ಅಷ್ಟಾದರೂ ಸಾಹೇಬ ಕೆಲಸ ಕಿತ್ತುಕೊಳ್ಳಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮತ್ತೆ ಎಣಿಸಿದಾಗ ಮೂವತ್ತೊಂಬತ್ತೇ ಬಂದಿತ್ತು. ಸತ್ತ ಕೆಲಸಗಾರನ ಬಗ್ಗೆ ಇಷ್ಟು ಗೌರವ ಇರುವ ಜನ ಒಳ್ಳೆಯವರೇ ಇರಬೇಕು ಎಂದುಕೊಂಡನೋ ಏನೋ. ದೊಡ್ಡದೊಂದು ಆರ್ಡರು ಬಂತು. ಇದು ಸರಿಯಾಗಿ ಹೋದರೆ ಶೆಡ್ಡು ಕಾಯಂ.

ನಾಲ್ಕು ತಿಂಗಳು ಎಲ್ಲರೂ ಸೊಂಟ ಮುರಿದು ದುಡಿದರು. ಗದಗಿನ ಬಿಸಿಲಲ್ಲಿ ಹಿಮಕ್ಕೆ ಹಾಕುವ ಕೋಟು! ಹತ್ತಿ ತುಂಬಿದ ದಪ್ಪ ಕೋಟು, ತಲೆಗೆ ಒಂದು ಕೊಪ್ಪೆ. ಮಳೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಅದೊಂದು ಮಾತ್ರ ಗುರುತು ಸಿಕ್ಕಿತು.

ಪೆಟ್ಟಿಗೆ ಕಟ್ಟುವ ದಿನ ದೊಡ್ಡಕ್ಕ ಪೆಟ್ಟಿಗೆಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇಷ್ಟು ದಿನ ಕೈಯಾಗ ಬೆಳದಾವ. ದೂರದ ದೇಶಕ್ಕ ಹೊಂಟಾವ. ಮಗಳನ್ನ ಗಂಡನ ಮನಿಗೆ ಬರೀ ಉಡೀಲೆ ಯಾರರ ಕಳಸ್ತಾರೇನ?"

ಎಲ್ಲರೂ ಕೋಟುಗಳಿಗೆ ಉಡಿ ತುಂಬಲು ಕೂತರು. ಸೂಪರ್ವೈಜರ್ ಲಾರಿ ಗೊತ್ತು ಮಾಡಲು ಹೋಗಿದ್ದ. ಪ್ರತಿ ಕೋಟಿನ ಕಿಸೆಗೂ ಒಂದು ಹಿಡಿ ಅಕ್ಕಿ, ಒಂದು ಬೆಟ್ಟಡಿಕೆ, ಒಂದು ಅರಿಶಿನ ಕೊಂಬು, ಚಿಟಿಕೆ ಕುಂಕುಮ. ತಡೆಯಬೇಕಾದವನು ನಾನು. ತಡೆಯಲಿಲ್ಲ. ಖರೇ ಹೇಳಬೇಕೆಂದರೆ ಹಿಂದಿನ ಭಾನುವಾರ ಅಪ್ಪನಿಂದ ಮಂತ್ರಾಕ್ಷತೆ ತಂದುಕೊಟ್ಟವನೂ ನಾನೇ. ಲಾರಿ ಹೊರಟಾಗ ಎಡದ ತೋಳಿನವಳು ಕಣ್ಣೊರೆಸಿಕೊಂಡಳು.

ಕೋಟುಗಳು ಹಡಗು ಹತ್ತಲಿಲ್ಲ. ಇಡೀ ಮಳೆಗಾಲ ಮುಂಬೈಯ ರಫ್ತು ವಲಯದ ಗೋದಾಮಿನಲ್ಲಿ ಸರದಿ ಕಾದವು. ಕೊನೆಗೆ ಅದೇ ಬಿಳಿ ಸಾಹೇಬ ಬಂದು ಪೆಟ್ಟಿಗೆ ಒಡೆಸಿ, ಒಂದು ಕೋಟಿನ ಕಿಸೆಗೆ ಕೈ ಹಾಕಿದನಂತೆ. ಕೈ ಕೆಂಪಾಗಿ ಹೊರಬಂತು. ಬೆರಳ ಮೇಲೆ ಅಕ್ಕಿಯ ಹುಳ ಹರಿದಾಡುತ್ತಿತ್ತು. ಒಳಗಿನ ಬಿಳಿ ಬಟ್ಟೆಗೆಲ್ಲ ಅರಿಶಿನ ಕುಂಕುಮ.

ದಸರೆಯ ಹೊತ್ತಿಗೆ ಅದೇ ಲಾರಿ ಅವೇ ಪೆಟ್ಟಿಗೆಗಳನ್ನು ತಂದು ಶೆಡ್ಡಿನ ಮುಂದೆ ಇಳಿಸಿತು. ಸೂಪರ್ವೈಜರ್ ತಲೆಗೆ ಕೈ ಹೊತ್ತು ಕೂತ. ನಾವೆಲ್ಲ ಕಲ್ಲಾಗಿ ನಿಂತೆವು. ದೊಡ್ಡಕ್ಕ ಮಾತ್ರ ಒಂದು ಪೆಟ್ಟಿಗೆಯ ಮೇಲಿನ ಧೂಳು ಸೆರಗಿನಿಂದ ಒರೆಸಿ ಅಂದಳು: "ಮೊದಲನೇ ಹಬ್ಬಕ್ಕ ತವರಿಗೆ ಬಂದಾವ. ನಿಂತೀರಲ್ಲ, ಒಳಗ ಕರೀರಿ."

೬. ಹೊಸ ಮಾಲಕ

ಕೆಲಸ ಬೇರೆ ದೇಶಕ್ಕೆ ಹೋಯಿತು. ಯಾವ ದೇಶ ಎಂದು ಕೊನೆಗೂ ತಿಳಿಯಲಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಅಗ್ಗವಂತೆ, ಉಡಿ ತುಂಬುವುದಿಲ್ಲವಂತೆ. ಮಷಿನ್ನುಗಳನ್ನು ಮುಂಬೈಗೆ ಒಯ್ದರು. ಸೂಪರ್ವೈಜರ್ ಹೋಗುವಾಗ ನನ್ನ ಕೈ ಹಿಡಿದು, ತನ್ನ ಕೆಲಸವೂ ಹೋಯಿತು ಎಂದು ಅತ್ತ. ಪಾಪ, ಅವನೂ ನಮ್ಮ ಹಾಗೆಯೇ ಯಾರದೋ ಎಡದ ತೋಳು.

ಉಳಿದದ್ದು ಕೋಟು. ಯಾರವು ಇವು ಎಂದು ಕೇಳಿ ಪತ್ರ ಬರೆದೆ. ದೊಡ್ಡ ಕಂಪನಿ ನಮ್ಮವಲ್ಲ ಅಂದಿತು, ಮುಂಬೈ ನಮ್ಮವಲ್ಲ ಅಂದಿತು. ಹುಬ್ಬಳ್ಳಿಯ ಗುತ್ತಿಗೆದಾರ, "ಸುಡ್ರಿ, ಇಲ್ಲಾ ನೀವ ಇಟ್ಕೋರಿ. ನನಗ ಮಾತ್ರ ಕಾಗದ ಬರೀಬ್ಯಾಡ್ರಿ" ಅಂದ.

ಸುಡುವುದೇ! ಹೆಣ್ಣುಮಕ್ಕಳು ಕೋಟುಗಳನ್ನು ಒಗೆದು, ಒಣಗಿಸಿ, ಒಳಗಿನ ಬಟ್ಟೆಯನ್ನು ಕೈಹೊಲಿಗೆಯಲ್ಲೇ ಬದಲಿಸಿದರು. ಉಡಿ ತುಂಬುವ ಗಡಿಬಿಡಿಯಲ್ಲಿ ಮಡಿಚಿದ್ದನ್ನಷ್ಟೇ ಕಂಡಿದ್ದ ಅವರು ಇಡೀ ಕೋಟನ್ನು ಬಿಡಿಸಿ ನೋಡಿದ್ದು ಆಗಲೇ. ಅಂತೂರ ಬೆಂತೂರಿನವಳು ಪ್ರತಿ ಕೋಟಿನ ಎಡದ ತೋಳು ಮುಟ್ಟಿ "ಇದು ನಂದು, ಇದೂ ನಂದು" ಎನ್ನುತ್ತಿದ್ದಳು. ಚಳಿಗಾಲಕ್ಕೆ ಸಂತೆಗೆ ಒಯ್ದರು. ಆ ವರ್ಷ ಶಿರಹಟ್ಟಿ ಕಡೆಯ ಕುರುಬರು ಹಿಮದ ಕೋಟು ತೊಟ್ಟು ಕುರಿ ಕಾಯ್ದರು. ಮುಂಡರಗಿ ಬಸ್ಸಿನ ಕಂಡಕ್ಟರ್ ತಲೆಗೆ ಕೊಪ್ಪೆ ಏರಿಸಿಕೊಂಡು ಟಿಕೆಟ್ ಹರಿದ. ಲಕ್ಷ್ಮೇಶ್ವರದಲ್ಲಿ ನಮ್ಮ ಅಪ್ಪ ಅದನ್ನು ಹಾಕಿಕೊಂಡು ಬೆಳಗಿನ ಪೂಜೆಗೆ ಹೊರಟಾಗ, ಗುಡಿಯ ಕಟ್ಟೆಯಲ್ಲಿ ಮಲಗಿದ್ದ ನಾಯಿ ಎದ್ದು ಮುಳಗುಂದದ ದಾರಿ ಹಿಡಿಯಿತು.

ಕೋಟು ಖರ್ಚಾದಮೇಲೆ ಹಳೇ ಕಾಲುಮಷಿನ್ನು ಕೊಂಡು ಹನ್ನೊಂದು ಜನ ಬೆಟಗೇರಿಯಲ್ಲೇ ಹೊಲಿಗೆಯ ಅಂಗಡಿ ಹಾಕಿದರು. ಕಾಲರು, ಬೆನ್ನು, ಎಡದ ತೋಳು, ಬಲದ ತೋಳು, ಬಾಣಂತನ ಮುಗಿಸಿ ಬಂದ ಕಿಸೆ, ಎಲ್ಲವೂ ಕೂಡಿದರೆ ಒಂದು ಅಂಗಿ. ಜಗಳವಾಡಿ ಬೇರೆಯಾಗುತ್ತೀರಿ ಎಂದು ಓಣಿಯವರು ಅಣಕಿಸಿದರೆ ದೊಡ್ಡಕ್ಕ, "ಹೆಂಗ ಬ್ಯಾರೆ ಆಗೋದು? ಒಬ್ಬಾಕಿ ಸಿಟ್ಟಾದ್ರ ಅಂಗಿಗೆ ತೋಳ ಇರಂಗಿಲ್ಲ" ಎನ್ನುತ್ತಿದ್ದಳು. ಅವಳ ಮಗಳು ಮ್ಯಾಟ್ರಿಕ್ ಪಾಸಾಗಿ ಕಾಲೇಜು ಸೇರಿದ್ದಳು. ನನ್ನ ಹಾಜರಿ ಪುಸ್ತಕವೂ ಮತ್ತೆ ತೆರೆಯಿತು.

ಅಂಗಡಿಗೆ ಲೈಸೆನ್ಸು ಬೇಕು ಎಂದರು. ಅರ್ಜಿ ಹಿಡಿದು ನಾನು, ದೊಡ್ಡಕ್ಕ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತ ಕನ್ನಡಕ ಏರಿಸಿ ಕೇಳಿದ: "ಮಾಲಕರ ಹೆಸರು?"

ಎರಡು ವರ್ಷ ನನ್ನನ್ನು ಕಾಡಿದ ಪ್ರಶ್ನೆ ಅಲ್ಲಿಯೂ ಬಂದು ಕೂತಿತ್ತು. ಹನ್ನೊಂದು ಜನರಲ್ಲಿ ಯಾರ ಹೆಸರು ಬರೆದರೂ ಉಳಿದ ಹತ್ತು ಜನಕ್ಕೆ ಕೋಪ. ನಾನು ಎಂದಿನಂತೆ ದೊಡ್ಡಕ್ಕನತ್ತ ನೋಡಿದೆ.

"ನಾಗಪ್ಪ ಅಂತ ಬರಕೋರಿ" ಅಂದಳು. ನನ್ನ ಕಡೆ ತಿರುಗಿ ಮೆಲ್ಲಗೆ, "ನಮ್ಮ ಸಲುವಾಗಿ ನೌಕರಿ ಕಳಕೊಂಡಾನ. ನಾವರ ಕೆಲಸ ಕೊಡಬ್ಯಾಡನು?" ಎಂದಳು.

"ತಂದೆಯ ಹೆಸರು?"

ನನ್ನ ಜನ್ಮದಲ್ಲಿ ಮೊದಲ ಸಲ ಮಾಲಕನ ಬಗ್ಗೆ ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಟ್ಟೆ. ಪೂಜಾರಿಯ ಮಗನಿಗೆ ಅಷ್ಟು ಪುರಾಣ ಗೊತ್ತಿರುವುದಿಲ್ಲವೇ? "ಕಶ್ಯಪ." ನಾಗರೆಲ್ಲ ಕಶ್ಯಪ ಋಷಿಯ ಮಕ್ಕಳೇ. ಅಪ್ಪ ಅವತ್ತು ಮಾಡಿದ ಅರ್ಚನೆ ತಡವಾಗಿಯಾದರೂ ಸರಿಯಾದ ಮಾಲಕನಿಗೆ ಮುಟ್ಟಿತ್ತು.

ಗುಮಾಸ್ತ ಎಲ್ಲವನ್ನೂ ಬರೆದುಕೊಂಡು, ಅರ್ಜಿಯನ್ನು ನಮ್ಮತ್ತ ದೂಡಿ, ಖಡಕ್ಕಾಗಿ ಹೇಳಿದ: "ಹಿಂಗ ನಡೆಯಂಗಿಲ್ರಿ. ಮಾಲಕರು ಸ್ವತಃ ಬಂದು ನನ್ನ ಮುಂದ ಹಾಜರಾಗಬೇಕು."

ದೊಡ್ಡಕ್ಕ ಸೆರಗು ಸರಿ ಮಾಡಿಕೊಂಡು ಎದ್ದಳು.

"ಅದಕ್ಕೇನ್ರಿ, ನಾಳೆನ ಬುಟ್ಟ್ಯಾಗ ಕುಂಡ್ರಿಸಿಕೊಂಡ ಬರತೀವಿ. ಆದ್ರ ಮುಚ್ಚಳಾ ಮಾತ್ರ ನೀವ ತಗೀಬೇಕು ನೋಡ್ರಿ."